ಕಡಲೆಬೇಳೆಯ ಶರತ್ಕಾಲ

ಎರಡು ಸಾವಿರದ ಇಸವಿಯ ಹೊತ್ತಿಗೆ, ಅಮೆರಿಕದ ಮೌಂಟನ್ ವ್ಯೂನಿಂದ ಫಾಸ್ಟರ್ ಸಿಟಿಯವರೆಗಿನ ಕನ್ನಡಿಗರ ನಡುವೆ ಬರೀ 'ಶ್ರೀಕಂಠ' ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಎಲೆ ಶ್ರೀಕಂಠ' ಎನ್ನಬೇಕಿತ್ತು. ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಅವನ ಮನೆಯ ಫೋನಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಎಲೆ ಬಣ್ಣ ತಿರುಗುವುದನ್ನು ನೋಡಲು ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು, ಮಕ್ಕಳಿಗೆ ಸ್ವೆಟರ್ ಸಾಕೋ ಜಾಕೆಟ್ಟೇ ಬೇಕೋ, ಎಲ್ಲವನ್ನೂ ಅವನನ್ನೇ ಕೇಳಬೇಕು. ಅವನೂ ಪಂಚಾಂಗ ಬಿಚ್ಚಿದ ಪುರೋಹಿತರ ಗಾಂಭೀರ್ಯದಲ್ಲಿ ಹೇಳುವನು. "ಬಿಷಪ್ ಊರಿನ ಕಡೆ ಹೋಗೋದಾದ್ರೆ ಸೆಪ್ಟೆಂಬರ್ ಕೊನೇ ವಾರ. ಹೋಪ್ ವ್ಯಾಲಿಗೆ ಅಕ್ಟೋಬರ್ ಮೊದಲ್ನೇ ಹದಿನೈದು ದಿನ, ಬೆಳಗ್ಗೆ ಹತ್ತರೊಳಗೆ ಅಲ್ಲಿರ್ಬೇಕು, ಬಿಸಿಲು ಓರೆಯಾಗಿ ಬೀಳುತ್ತೆ. ನಾಪಾದ ದ್ರಾಕ್ಷಿ ತೋಟಕ್ಕೆ ನವೆಂಬರ್ ತನಕ ಟೈಮಿದೆ. ನಮ್ಮ ಬೀದಿ ಮರಗಳು ಹಣ್ಣಾಗೋದು ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ, ಅದಕ್ಕೆ ಪೆಟ್ರೋಲೂ ಬೇಡ."

ಇಷ್ಟನ್ನೆಲ್ಲ ಹೇಳುವ ಶ್ರೀಕಂಠ ಸ್ವತಃ ಸ್ಯಾಕ್ರಮೆಂಟೊ ದಾಟಿ ಒಂದು ಮೈಲಿಯೂ ಹೋದವನಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಈ ಹಲ್ಲಿಗೆ ಬಚ್ಚಲಿಗೆ ಬೀಳುವಷ್ಟೂ ಬಿಡುವಿರಲಿಲ್ಲ.

ಅವನ ಕೆಲಸವೇ ಅದಾಗಿತ್ತು. ದಿನಾ ಬೆಳಗ್ಗೆ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ಹಳೆಯ ಗೋದಾಮೊಂದರ ಮೂರನೇ ಮಹಡಿಯಲ್ಲಿದ್ದ ಡಾಟ್‌ಕಾಮ್ ಕಂಪನಿಯಲ್ಲಿ ಅವನು ಕೂರುತ್ತಿದ್ದ. ಅಮೆರಿಕದಲ್ಲಿ ಎಲ್ಲೆಲ್ಲಿ ಎಲೆ ಎಷ್ಟೆಷ್ಟು ಬಣ್ಣ ತಿರುಗಿದೆ ಎಂದು ನಕ್ಷೆಯ ಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ತೋರಿಸುವುದು ಕಂಪನಿಯ ವ್ಯಾಪಾರ. ಮೈಸೂರಿನಿಂದ ಫೋನ್ ಮಾಡಿದ್ದ ಮಾವ ಶಿವರುದ್ರಪ್ಪನವರು ಇದನ್ನೆಲ್ಲ ಸಮಾಧಾನದಿಂದ ಕೇಳಿ, "ಉದುರೋ ಎಲೆಗೂ ಸಂಬಳ ಕೊಡ್ತಾರೇನಪ್ಪ?" ಎಂದಿದ್ದರು. ಕೊಡುತ್ತಿದ್ದರು, ಆ ವರ್ಷಗಳಲ್ಲಿ ಯಾವುದಕ್ಕೆ ಕೊಡುತ್ತಿರಲಿಲ್ಲ!

ಜನ ಆ ನಕ್ಷೆಯ ಹಿಂದೆ ಉಪಗ್ರಹವಿದೆ ಎಂದುಕೊಂಡಿದ್ದರು. ಹಿಂದೆ ಇದ್ದದ್ದು ಶ್ರೀಕಂಠ ಮತ್ತು ಒಂದು ಟೆಲಿಫೋನು. ಬೆಟ್ಟದ ಊರುಗಳ ಪೆಟ್ರೋಲ್ ಬಂಕಿಗೆ, ಮೋಟೆಲ್ಲಿಗೆ, ಮೀನಿನ ಗಾಳ ಮಾರುವ ಅಂಗಡಿಗೆ ಫೋನ್ ಮಾಡಿ "ಹೇಗಿದೆ ಬಣ್ಣ?" ಎಂದು ಕೇಳುವುದು, ಅವರು ಹೇಳಿದ ಅಂಕವನ್ನು ಬರೆದುಕೊಳ್ಳುವುದು. ಯಾರೂ ಫೋನ್ ಎತ್ತದಿದ್ದರೆ ಹೋದ ವಾರದ ಅಂಕಕ್ಕೆ ಒಂದು ಸೇರಿಸುವುದು. ಇನ್ನೊಂದು ನಿಯಮವನ್ನು ಬಾಸ್ ಕೆವಿನ್ ಮೊದಲ ದಿನವೇ ಹೇಳಿಕೊಟ್ಟಿದ್ದ. ಜನ ತಿರುಗಾಟಕ್ಕೆ ಹೊರಡುವುದು ವಾರಾಂತ್ಯದಲ್ಲಿ, ಆದ್ದರಿಂದ ಮರ ಯಾವ ದಿನ ಬೇಕಾದರೂ ಹಣ್ಣಾಗಲಿ, ವೆಬ್‌ಸೈಟಿನಲ್ಲಿ ಶನಿವಾರವೇ ಹಣ್ಣಾಗಬೇಕು. ಐದು ವರ್ಷ ಮರಗಳು ಈ ನಿಯಮವನ್ನು ಪಾಲಿಸದಿದ್ದರೂ ಶ್ರೀಕಂಠ ಪಾಲಿಸಿದ್ದ.

ಅವನ ಹೆಂಡತಿ ಪ್ರಭಾ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮದುವೆಗೆ ಮುಂಚೆ ಮೈಸೂರಿನ ಕಾಲೇಜೊಂದರಲ್ಲಿ ಎರಡು ವರ್ಷ ಪಾಠ ಹೇಳಿದ್ದಳು. ಚಳಿಗಾಲಕ್ಕೆ ಮುನ್ನ ಎಲೆಯ ಹಸಿರು ಹಿಂದೆ ಸರಿದು, ಮೊದಲಿನಿಂದಲೂ ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ ಎಂದು, ತಾನೂ ನೋಡದ್ದನ್ನು, ವರ್ಷವಿಡೀ ಹಸಿರಾಗಿರುವ ಊರಿನ ಮಕ್ಕಳಿಗೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದಳು. ಅಮೆರಿಕಕ್ಕೆ ಬಂದ ಮೇಲೆ ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅವಳು ಒಡವೆ ಕೇಳಿದವಳಲ್ಲ, ಸ್ವಂತ ಮನೆ ಕೇಳಿದವಳಲ್ಲ. ಕೇಳಿದ್ದು ಒಂದೇ. ಬೆಟ್ಟದ ಮೇಲಿನ ಆಸ್ಪೆನ್ ಮರಗಳು ಪೂರ್ತಿ ಹಳದಿಯಾದ ದಿನ ಅವುಗಳ ಕೆಳಗೆ ಒಂದು ಗಳಿಗೆ ನಿಲ್ಲಬೇಕು.

ಪ್ರತಿ ವರ್ಷವೂ ಅಕ್ಟೋಬರ್ ಬರುತ್ತಿತ್ತು, ಪ್ರತಿ ವರ್ಷವೂ ಶ್ರೀಕಂಠನಿಗೆ ಆಫೀಸಿನಲ್ಲಿ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಆದರೆ ಗಂಡಸು ತನ್ನ ಆಫೀಸಿನ ಮೇಲೆ ತಪ್ಪು ಹಾಕುವುದುಂಟೆ? ಅವನಿಗೆ ನೆಪಕ್ಕೆ ಗೊಂಬೆಗಳು ಸಿಕ್ಕಿದ್ದವು. ಪ್ರಭಾ ನವರಾತ್ರಿಗೆ ತಪ್ಪದೆ ಗೊಂಬೆ ಕೂರಿಸುವಳು. ಮದುವೆಯಲ್ಲಿ ತಾಯಿ ಕೊಟ್ಟ ಪಟ್ಟದ ಗೊಂಬೆಗಳು, ಅಂದರೆ ಚಂದನದ ಮರದ ರಾಜ ರಾಣಿಯರು, ಅಪಾರ್ಟ್‌ಮೆಂಟಿನ ಹಜಾರದಲ್ಲಿ ಒಂಬತ್ತು ದಿನ ಪಟ್ಟಕ್ಕೇರುತ್ತಿದ್ದರು. ದಿನಾ ಸಂಜೆ ಆರತಿ, ಮಕ್ಕಳಿಗೆ ತಿಂಡಿ. "ಗೊಂಬೆ ಕೂರ್ಸಿ ಮನೆ ಬೀಗ ಹಾಕ್ಕೊಂಡು ಹೋಗೋಕಾಗುತ್ತಾ ಪ್ರಭಾ? ಹಬ್ಬ ಮುಗೀಲಿ" ಎನ್ನುವನು ಶ್ರೀಕಂಠ, ಭಯಭಕ್ತಿಯಿಂದ. ಹಬ್ಬ ಮುಗಿಯುವಷ್ಟರಲ್ಲಿ ಎಲೆಯೂ ಮುಗಿದಿರುತ್ತಿತ್ತು. ಮಿಕ್ಕ ಮುನ್ನೂರ ಐವತ್ತಾರು ದಿನ ಅವನು ದೇವರ ಮನೆಯ ಕಡೆ ತಲೆ ಹಾಕಿದವನಲ್ಲ.

ಆದರೆ ಆ ವರ್ಷದ ಮಾತು ಬೇರೆ. ಅವನ ವೀಸಾದ ಆರು ವರ್ಷ ಬರುವ ಏಪ್ರಿಲ್ಲಿಗೆ ಮುಗಿಯುತ್ತಿತ್ತು, ಗ್ರೀನ್ ಕಾರ್ಡಿಗೆ ಕಂಪನಿ ಅರ್ಜಿಯನ್ನೇ ಹಾಕಿರಲಿಲ್ಲ. ಊರಿಗೆ ಮರಳುವುದು ನಿಶ್ಚಯವಾಗಿತ್ತು. ಪ್ರಭಾಳಿಗೆ ಇದು ಕೊನೆಯ ಶರತ್ಕಾಲ. ವಿಜಯದಶಮಿ ಶನಿವಾರ ಬಿದ್ದಿತ್ತು. "ಭಾನುವಾರ ಬೆಳಗ್ಗೆ ಐದಕ್ಕೆ ಹೊರಡೋದು, ಹೋಪ್ ವ್ಯಾಲಿ. ಇದು ಪ್ರಾಮಿಸ್ಸು" ಎಂದು ಶ್ರೀಕಂಠ ಮಗಳ ತಲೆ ಮುಟ್ಟಿ ಹೇಳಿದ. ಐದು ವರ್ಷದ ನಿಸರ್ಗಾ, "ಯೂ ಸೆಡ್ ದಟ್ ಲಾಸ್ಟ್ ಇಯರ್, ಅಪ್ಪ" ಎಂದಳು.

ಆ ಸಂಭ್ರಮಕ್ಕೆ ಪ್ರಭಾ ಗೊಂಬೆಗಳ ಮುಂದೆ ಪ್ರತಿ ವರ್ಷ ಮಾಡುವ ಪುಟ್ಟ ಪಾರ್ಕನ್ನು ಹೋಪ್ ವ್ಯಾಲಿಯಂತೆಯೇ ಕಟ್ಟಿದಳು. ಗ್ರೋಸರಿ ಅಂಗಡಿಯ ಕಂದು ಕಾಗದದ ಚೀಲಗಳನ್ನು ಮುದುರಿ ಬೆಟ್ಟ ಮಾಡಿ, ಮೇಲೆ ಉಪ್ಪು ಉದುರಿಸಿ ಹಿಮ ಮಾಡಿದಳು. ತಟ್ಟೆಯಲ್ಲಿ ಸಾಸಿವೆ ಮೊಳೆಯಿಸಿ ಹುಲ್ಲು ಬೆಳೆಸಿದಳು. ತನ್ನ ಕೈಗನ್ನಡಿಯನ್ನು ನಡುವೆ ಮಲಗಿಸಿ ಕೆರೆ ಮಾಡಿದಳು. ಒಣ ಕೊಂಬೆಗಳಿಗೆ ಸುಣ್ಣದ ಬಣ್ಣ ಹಚ್ಚಿ, ಅವಕ್ಕೆ ಮೈದಾ ಅಂಟಿನಲ್ಲಿ ಒಂದೊಂದೇ ಕಡಲೆಬೇಳೆ ಅಂಟಿಸಿದಳು. ನಾಲ್ಕು ಮಧ್ಯಾಹ್ನ ಕೂತು ಅಂಟಿಸಿದ ಬೇಳೆ ಅದು. ಸಂಜೆ ದೀಪ ಹಚ್ಚಿದಾಗ ಇಡೀ ಕಣಿವೆ ಹಳದಿ ಹಳದಿಯಾಗಿ ಕನ್ನಡಿಯಲ್ಲಿ ತೇಲುತ್ತಿತ್ತು. ನೋಡಿದ ಶ್ರೀಕಂಠನಿಗೆ ನಿಜಕ್ಕೂ ಮೈ ಜುಮ್ಮೆಂದಿತು. ಆಫೀಸಿನ ಡಿಜಿಟಲ್ ಕ್ಯಾಮೆರಾ ಕೈಯಲ್ಲಿತ್ತು, ಬಗ್ಗಿ ಒಂದು ಫೋಟೋ ತೆಗೆದ.

ಆ ವಾರದ ಮಂಗಳವಾರ ಹೋಪ್ ವ್ಯಾಲಿಯಿಂದ ಡೋರಿಸ್ ತಾನಾಗಿಯೇ ಫೋನ್ ಮಾಡಿದ್ದಳು. ಡೋರಿಸ್ ಅಲ್ಲಿ ಗಾಳದ ಅಂಗಡಿ ನಡೆಸುವ ಮುದುಕಿ, ಐದು ವರ್ಷದಿಂದ ಅವನಿಗೆ ದನಿಯ ಪರಿಚಯ. "ಈ ದಿನ ಹತ್ತಕ್ಕೆ ಹತ್ತು ಮಗಾ. ಇಪ್ಪತ್ತು ವರ್ಷದಲ್ಲಿ ನಾನು ಹೀಗೆ ಕಂಡಿಲ್ಲ. ಶನಿವಾರ ಜೋರು ಗಾಳಿ ಬರುತ್ತದಂತೆ, ಆಮೇಲೆ ಏನೂ ಉಳಿಯುವುದಿಲ್ಲ. ನೀನು ಎಲ್ಲರಿಗೂ ಹೇಳುತ್ತೀಯ, ಒಮ್ಮೆ ನೀನೂ ಬಂದು ನೋಡಬಾರದೆ?" ಎಂದಿದ್ದಳು. ಶ್ರೀಕಂಠ ಧನ್ಯವಾದ ಹೇಳಿ, ಫೋನಿಟ್ಟು, ನಕ್ಷೆಯಲ್ಲಿ 'ಎಂಟು, ವಾರಾಂತ್ಯಕ್ಕೆ ಹತ್ತು' ಎಂದು ಬರೆದ. ಶುಕ್ರವಾರ ಬಂಡವಾಳ ಹಾಕುವವರು ಬರುವವರಿದ್ದರು, ರಜೆ ಕೇಳುವ ಧೈರ್ಯ ಅವನಿಗಿರಲಿಲ್ಲ. ಮನೆಯಲ್ಲಿ ಹೇಳೋಣವೆಂದರೆ, ಹೇಗೂ ಗೊಂಬೆ ಕೂತಿವೆ, ಅವಳು ಬರುವುದಿಲ್ಲ, ಸುಮ್ಮನೆ ಯಾಕೆ ಹೊಟ್ಟೆ ಉರಿಸುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗಾಳಿಯ ಮುನ್ಸೂಚನೆ ಎಷ್ಟು ಸಲ ಸುಳ್ಳಾಗಿಲ್ಲ? ಅವನ ಅಂಕಗಳೇ ಎಷ್ಟು ಸಲ ಸುಳ್ಳಾಗಿದ್ದವು.

ಶುಕ್ರವಾರ ಬೆಳಗ್ಗೆ ಕೆವಿನ್‌ಗೆ ಹೋಪ್ ವ್ಯಾಲಿಯ ಒಳ್ಳೆಯ ಚಿತ್ರವೊಂದು ಆ ಕ್ಷಣವೇ ಬೇಕಾಯಿತು. ಫೋಟೋಗ್ರಾಫರನನ್ನು ಆಗಸ್ಟಿನಲ್ಲೇ ಮನೆಗೆ ಕಳಿಸಿದ್ದರು. ಸದ್ಯಕ್ಕಿರಲಿ, ಸೋಮವಾರ ತೆಗೆದುಹಾಕಿದರಾಯಿತು ಎಂದು ಶ್ರೀಕಂಠ ತನ್ನ ಹಜಾರದ ಕಣಿವೆಯ ಚಿತ್ರವನ್ನು ಅಂಟಿಸಿದ. ಆ ಕಾಲದ ವೆಬ್‌ಸೈಟಿನ ಚಿತ್ರಗಳು ಅಂಗೈ ಅಗಲ, ಸ್ವಲ್ಪ ಮಸುಕು. ಕೆವಿನ್ ನೋಡಿ ಎದೆ ಮುಟ್ಟಿಕೊಂಡ. "ಈ ಬೆಳಕನ್ನು ಪ್ರಕೃತಿ ಮಾತ್ರ ಕೊಡಬಲ್ಲದು!" ಎಂದು ಅದನ್ನು ಮೊದಲ ಪುಟಕ್ಕೇ ಹಾಕಿಸಿದ. ಬಂಡವಾಳದವರೂ ತಲೆದೂಗಿದರು. ಅತ್ತ ಮೌಂಟನ್ ವ್ಯೂನ ಮನೆಯಲ್ಲಿ ಪ್ರಭಾ ಆಯುಧಪೂಜೆಗೆ ಕಾರು ತೊಳೆದು, ಕುಂಕುಮವಿಟ್ಟು, ಭಾನುವಾರಕ್ಕೆಂದು ಪುಳಿಯೋಗರೆ ಗೊಜ್ಜು ಕುದಿಸುತ್ತಿದ್ದಳು.

ಶನಿವಾರ ಸಂಜೆ ಫಾಸ್ಟರ್ ಸಿಟಿಯ ಅರವಿಂದ ಫೋನ್ ಮಾಡಿದ. ಔಷಧಿ ಕಂಪನಿಯ ವಿಜ್ಞಾನಿ, ಎಲ್ಲಕ್ಕೂ ಸಾಕ್ಷಿ ಕೇಳುವ ಮನುಷ್ಯ. "ಏನ್ ಫೋಟೋ ಗುರೂ ಅದು! ನಾವೂ ಬರ್ತೀವಿ ನಾಳೆ. ಇನ್ನೂ ನಾಲ್ಕು ಕಾರು ರೆಡಿ ಇದೆ. ನೀನು ಮುಂದೆ ಹೋಗು, ನಾವು ಹಿಂದೆ." ಬೇಡ ಎನ್ನಲು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣ ಹೇಳುವಂಥದ್ದಲ್ಲ.

ಐದಕ್ಕೆ ಹೊರಡಬೇಕಿದ್ದ ಆರು ಕಾರುಗಳು ಏಳೂವರೆಗೆ ಹೊರಟು, ದಾರಿಯಲ್ಲಿ ಎರಡು ಕಡೆ ಇಡ್ಲಿಗೆ ನಿಂತು, ಮಧ್ಯಾಹ್ನ ಒಂದಕ್ಕೆ ಹೋಪ್ ವ್ಯಾಲಿ ಮುಟ್ಟಿದವು. ಪ್ರಭಾ ಮೈಸೂರು ರೇಷ್ಮೆ ಉಟ್ಟಿದ್ದಳು. ಹಳದಿಯ ಮುಂದೆ ಚೆನ್ನಾಗಿ ಕಾಣಲಿ ಎಂದು ನೇರಳೆ ಬಣ್ಣದ್ದನ್ನೇ ಆರಿಸಿದ್ದಳು.

ಹಳದಿ ಇತ್ತು, ನೆಲದ ಮೇಲೆ. ಹಿಂದಿನ ದಿನದ ಗಾಳಿ ಒಂದು ಮರವನ್ನೂ ಬಿಟ್ಟಿರಲಿಲ್ಲ. ಬಿಳಿಯ ಕಾಂಡಗಳು ಬರಿಮೈಯಲ್ಲಿ ಸಾಲಾಗಿ ನಿಂತಿದ್ದವು, ಎಲೆಗಳು ರಸ್ತೆ ಬದಿಯ ಚರಂಡಿಯಲ್ಲಿ ಕೆಸರಾಗಿದ್ದವು. ರಸ್ತೆಯುದ್ದಕ್ಕೂ ಐವತ್ತು ಅರವತ್ತು ಕಾರು. ಜನ ಕೈಯಲ್ಲಿ ಪ್ರಿಂಟ್ ತೆಗೆದ ಒಂದೊಂದು ಕಾಗದ ಹಿಡಿದು, ಬೆಟ್ಟವನ್ನೊಮ್ಮೆ ಕಾಗದವನ್ನೊಮ್ಮೆ ನೋಡುತ್ತ ಅಲೆಯುತ್ತಿದ್ದರು. ಟೋಪಿ ಹಾಕಿದ ವಯಸ್ಸಾದವರೊಬ್ಬರು ಪ್ರಭಾಳ ಹತ್ತಿರ ಬಂದು, ಬೆಳಗ್ಗೆಯಿಂದ ಹುಡುಕುತ್ತಿದ್ದೇವೆ, ಈ ಕೆರೆ ಎಲ್ಲಿದೆ ಗೊತ್ತೇನಮ್ಮ ಎಂದು ವಿನಯದಿಂದ ಕೇಳಿ ಕಾಗದ ಕೊಟ್ಟರು.

ಪ್ರಭಾ ನೋಡಿದಳು. ಶ್ರೀಕಂಠ ಬೆಟ್ಟದ ಕಡೆ ಮುಖ ತಿರುಗಿಸಿದ. ಅವಳಿಗಿಂತ ಮೊದಲು ನಿಸರ್ಗಾ ಕೂಗಿದಳು, "ದಟ್ಸ್ ಅವರ್ ದಾಲ್!"

ಆ ಹಿರಿಯರಿಗೆ ಅರ್ಥವಾಗಲಿಲ್ಲ. ಪ್ರಭಾ ಇಂಗ್ಲಿಷಿನಲ್ಲಿ, ಶಾಂತವಾಗಿ, "ಈ ಕೆರೆ ಮೌಂಟನ್ ವ್ಯೂನಲ್ಲಿದೆ" ಎಂದಳು. ಅವರು ಧನ್ಯವಾದ ಹೇಳಿ, ಹೆಂಡತಿಯನ್ನು ಕರೆದು, ನಕ್ಷೆ ಬಿಚ್ಚಿದರು.

ಅರವಿಂದ ಹೊಟ್ಟೆ ಹಿಡಿದುಕೊಂಡು ನಕ್ಕ. ಮಿಕ್ಕವರು ಗಾಳಿಯನ್ನು ಬೈದು ಪುಳಿಯೋಗರೆ ಡಬ್ಬಿ ಬಿಚ್ಚಿದರು. ಚಳಿಗೆ ಕಾಫಿ ಹುಡುಕಿಕೊಂಡು ಪ್ರಭಾ ಹೊಕ್ಕ ಅಂಗಡಿ ಡೋರಿಸ್‌ಳದ್ದೇ ಆಗಿತ್ತು. ಹಿಂದೆ ಬಂದ ಶ್ರೀಕಂಠ ಬಾಯಿ ಬಿಟ್ಟ ಕೂಡಲೇ ಮುದುಕಿ ದನಿ ಹಿಡಿದುಬಿಟ್ಟಳು. "ಅಂತೂ ಬಂದೆಯಲ್ಲ ಮಗಾ! ಮಂಗಳವಾರವೇ ಹೇಳಿದ್ದೆನಲ್ಲ, ಶನಿವಾರ ಗಾಳಿ, ಅಷ್ಟರೊಳಗೆ ಬಂದು ನೋಡು ಅಂತ." ಪ್ರಭಾ ಕಾಫಿ ಕುಡಿದು ಮುಗಿಸಿದಳು. ವಾಪಸು ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಶ್ರೀಕಂಠನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಸೋಮವಾರ ಸಂಜೆ ಅವನು ಆಫೀಸಿನಿಂದ ಬಂದಾಗ ರಾಜ ರಾಣಿಯರು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರಿದ್ದರು. ಬೆಟ್ಟ ಕಸದ ಬುಟ್ಟಿಯಲ್ಲಿತ್ತು. ಪ್ರಭಾ ಕೊಂಬೆಗಳ ಕಟ್ಟನ್ನೂ ಒಂದು ಬೋಗುಣಿಯನ್ನೂ ತಂದು ಅವನ ಮುಂದಿಟ್ಟಳು.

"ಉದುರ್ಸಿ. ಮೈದಾ ಅಂಟು ಅಷ್ಟೆ, ಬೇಳೆಗೆ ತಾಗಿರೋ ಸುಣ್ಣ ತೊಳೆದ್ರೆ ಹೋಗುತ್ತೆ. ನಾಳೆ ಆಂಬೊಡೆ ಮಾಡ್ತೀನಿ."

ಶ್ರೀಕಂಠ ನೆಲದ ಮೇಲೆ ಕೂತು ಒಂದೊಂದೇ ಬೇಳೆ ಕಿತ್ತ. ಅಂಟಿಸಿದವಳ ಕೈ ಗಟ್ಟಿ, ಉಗುರು ನೋಯತೊಡಗಿತು. ನಡುವೆ ಫೋನ್ ಬಂತು. ಸನ್ನಿವೇಲ್‌ನ ಯಾರೋ ಹಾಸನದವರು, ಮುಂದಿನ ವಾರ ಎಲೆ ನೋಡಲು ಎಲ್ಲಿಗೆ ಹೋಗಲಿ ಎಂದು ಕೇಳಿದರು. ಅವನು ಅಭ್ಯಾಸಬಲದಿಂದ ಬಾಯಿ ತೆರೆದು, ಹೆಂಡತಿಯ ಮುಖ ನೋಡಿದ.

"ನಂಗೊತ್ತಿಲ್ಲ ಸಾರ್" ಎಂದ. "ನಾನು ಒಂದ್ಸಲಾನೂ ನೋಡಿಲ್ಲ. ಹೋಪ್ ವ್ಯಾಲೀಲಿ ಡೋರಿಸ್ ಅಂತ ಒಬ್ಬರಿದ್ದಾರೆ, ನಂಬರ್ ಕೊಡ್ತೀನಿ. ಈ ವರ್ಷ ಅಲ್ಲಿ ಎಲ್ಲಾ ಉದುರಿಹೋಗಿದೆ, ಮುಂದಿನ ವರ್ಷ ಅವರು ಯಾವತ್ತು ಬಾ ಅಂತಾರೋ ಆವತ್ತೇ ಹೊರಟುಬಿಡಿ. ವೀಕೆಂಡ್ ಕಾಯ್ಬೇಡಿ."

ಫೋನಿಟ್ಟ ಮೇಲೆ ಪ್ರಭಾ ಹೇಳಿದಳು, "ಈ ಮಾತನ್ನ ಮಂಗಳವಾರ ನನಗೆ ಹೇಳ್ಬೇಕಿತ್ತು ನೀವು."

"ಗೊಂಬೆ ಕೂತಿದ್ವಲ್ಲ ಪ್ರಭಾ..."

"ರಾಜ ರಾಣೀನ ತೊಡೆ ಮೇಲೆ ಕೂರಿಸ್ಕೊಂಡು ಬರ್ತಿದ್ದೆ ರೀ. ಆ ಮರದ ಕೆಳಗೇ ಆರತಿ ಎತ್ತಿದ್ರೆ ಬೇಡ ಅಂತಿದ್ರಾ ಅವರು? ಐದು ವರ್ಷದಲ್ಲಿ ಒಂದ್ಸಲ ನನ್ನ ಕೇಳಿದ್ರಾ?"

ಶ್ರೀಕಂಠ ತಲೆ ತಗ್ಗಿಸಿ ಬೇಳೆ ಕೀಳುತ್ತಲೇ ಹೋದ. ಬೋಗುಣಿ ಮುಕ್ಕಾಲು ತುಂಬಿತು. ಕೊನೆಯ ಕೊಂಬೆಯ ತುದಿಯಲ್ಲಿ ನಾಲ್ಕು ಬೇಳೆ ಉಳಿದಿದ್ದವು. ಅವಕ್ಕೂ ಕೈ ಹಾಕಿದಾಗ ಪ್ರಭಾ ಅವನ ಕೈಯಿಂದ ಕೊಂಬೆಯನ್ನು ತೆಗೆದುಕೊಂಡಳು.

"ಇಷ್ಟು ಇರ್ಲಿ ಬಿಡಿ" ಎಂದಳು. "ಅಮೆರಿಕದಲ್ಲಿ ನಾನು ನೋಡಿದ್ದು ಇಷ್ಟೇ."