ತಲೆಗೆ ಒಂದು ಲಕ್ಷ

ಬೆಳಿಗ್ಗೆ ಎಂಟಾಗುವುದರೊಳಗೆ ಮುನಿಕೃಷ್ಣ ಲೈಬ್ರರಿ ಮುಂದಿನ ಹಲಗೆ ಒರೆಸಿ ಮುಗಿಸಿರುತ್ತಾನೆ. ಹಬ್ಬವಿರಲಿ, ಜ್ವರವಿರಲಿ, ಮನೆಯಲ್ಲಿ ಸೂತಕವೇ ಇರಲಿ, ಆ ಕೆಲಸ ತಪ್ಪಿದ್ದಿಲ್ಲ. ಒದ್ದೆ ಬಟ್ಟೆಯಲ್ಲಿ ಒಂದು ಸಲ, ಒಣ ಬಟ್ಟೆಯಲ್ಲಿ ಒಂದು ಸಲ. ಆಮೇಲೆ ಮೇಲಿನ ಮೂಲೆಯಲ್ಲಿ ಸಣ್ಣದಾಗಿ ಶ್ರೀ ಬರೆದು, ಸೀಮೆಸುಣ್ಣವನ್ನು ಕಣ್ಣಿಗೊತ್ತಿಕೊಂಡು, ಆ ದಿನದ ಒಂದು ಸುದ್ದಿಯನ್ನು ಒಂದೇ ವಾಕ್ಯದಲ್ಲಿ ದಪ್ಪಕ್ಕೆ ಬರೆಯುತ್ತಾನೆ.

ಬೈರಾಪಟ್ಟಣದಿಂದ ಮೂರು ಮೈಲಿ ಒಳಗಿರುವ ಊರು ಅದು. ಅಲ್ಲಿನ ಪಂಚಾಯ್ತಿ ಲೈಬ್ರರಿಯನ್ನು ಅವನು ನೋಡಿಕೊಳ್ಳಲು ಶುರುಮಾಡಿ ಹತ್ತೊಂಬತ್ತು ವರ್ಷವಾಯಿತು. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟವನು. ಕಲಿತದ್ದೆಲ್ಲ ಆಮೇಲೆ, ಆ ಒಂದು ಕೋಣೆಯಲ್ಲೇ. ಚನ್ನಪಟ್ಟಣದಿಂದ ಬರುವ ಮೊದಲ ಬಸ್ಸಿನ ಡ್ರೈವರ್ ಎರಡು ಪತ್ರಿಕೆ ಎಸೆದು ಹೋಗುತ್ತಾನೆ. ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓದುವುದು, ಎರಡರಲ್ಲೂ ಇರುವ ಸುದ್ದಿಯನ್ನು ಮಾತ್ರ ಹಲಗೆಗೆ ಏರಿಸುವುದು ಅವನು ತನಗೆ ತಾನೇ ಹಾಕಿಕೊಂಡ ನೇಮ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವೆಂದರೆ, ಅದು ಎಂಥ ರುಚಿಯ ಸುದ್ದಿಯಾದರೂ ಬರೆಯುವುದಿಲ್ಲ. ಹಾಗಾಗಿಯೇ ಊರಿನಲ್ಲಿ ಯಾವುದಾದರೂ ಮಾತಿಗೆ ಜಗಳ ಬಂದರೆ, 'ಹಲಗೆ ಮ್ಯಾಲೆ ಬಂದೈತಾ?' ಎಂದು ಕೇಳುವ ರೂಢಿ ಬಂತು. ಬಂದಿದ್ದರೆ ನಿಜ, ಬಾರದಿದ್ದರೆ ಗಾಳಿಮಾತು. ಓದಲು ಬಾರದವರೂ ಬಸ್ಸು ಕಾಯುತ್ತ ಅದರ ಮುಂದೆ ನಿಂತು, ಯಾರಾದರೂ ಓದಿ ಹೇಳಿದ ಮೇಲೇ ಹೋಗುತ್ತಾರೆ.

ಮಾರ್ಚ್ ತಿಂಗಳಲ್ಲಿ ರಾಜ್ಯದ ಬಜೆಟ್ ಬಂತು. ಮರುದಿನ ಎರಡು ಪತ್ರಿಕೆಯಲ್ಲೂ ಪುಟಗಟ್ಟಲೆ ಅದೇ. ಬರುವುದಕ್ಕಿಂತ ಖರ್ಚು ಹೆಚ್ಚು, ನಡುವಿನ ಕೊರತೆಗೆ ಸಾಲ, ಹಳೆಯ ಸಾಲದ ಬಡ್ಡಿಗೂ ದೊಡ್ಡದೊಂದು ಪಾಲು. ಎಲ್ಲವೂ ಲಕ್ಷ ಕೋಟಿಗಳಲ್ಲಿ. ಮುನಿಕೃಷ್ಣ ಸೀಮೆಸುಣ್ಣ ಹಿಡಿದುಕೊಂಡು ಬಹಳ ಹೊತ್ತು ನಿಂತ. ಲಕ್ಷ ಕೋಟಿ ಎಂದು ಬರೆದರೆ ಊರಿನಲ್ಲಿ ಯಾರಿಗೆ ಏನು ತಿಳಿಯಬೇಕು? ಫೋನು ತೆಗೆದು, ಒಟ್ಟು ಸಾಲವನ್ನು ರಾಜ್ಯದ ಜನಸಂಖ್ಯೆಯಿಂದ ಭಾಗಿಸಿದ. ಹಲಗೆಯ ಮೇಲೆ ಬರೆದ: 'ನಮ್ಮ ರಾಜ್ಯದ ಸಾಲ: ಹುಟ್ಟಿದ ಕೂಸೂ ಸೇರಿ ತಲೆಗೆ ಒಂದು ಲಕ್ಷಕ್ಕೂ ಮೇಲೆ.'

ಲೆಕ್ಕ ತಪ್ಪಿರಲಿಲ್ಲ. ಆದರೆ ಆ ವಾಕ್ಯ ಎರಡು ಪತ್ರಿಕೆಯಲ್ಲಿ ಒಂದರಲ್ಲೂ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನು ತನ್ನ ನೇಮ ಮೀರಿದ್ದ. ಅವತ್ತು ಅದು ಅವನಿಗೆ ಹೊಳೆಯಲಿಲ್ಲ. ಕಷ್ಟದ್ದನ್ನು ಸುಲಭ ಮಾಡಿ ಹೇಳಿದೆ ಎಂಬ ಸಣ್ಣದೊಂದು ಹೆಮ್ಮೆಯೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಯಾರೋ ಹಲಗೆಯ ಫೋಟೊ ತೆಗೆದು, ವಿರೋಧಪಕ್ಷದವರ ಗುರುತು ಅಂಟಿಸಿ ವಾಟ್ಸಾಪಿನಲ್ಲಿ ಬಿಟ್ಟರು. ಸಂಜೆಗೆ ನಟರಾಜು ಬಂದ. ಅವನು ಪಂಚಾಯ್ತಿ ಮೆಂಬರು, ಆಳುವ ಪಕ್ಷದ ಕಡೆಯವನು, ಮುನಿಕೃಷ್ಣನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಬೈಕಿನಿಂದ ಇಳಿಯದೆಯೇ ಕೇಳಿದ.

"ಏನ್ಲಾ, ಯಾವಾಗ ಸೇರ್ಕಂಡೆ ಆ ಪಾರ್ಟಿಗೆ? ಬೆಂಗ್ಳೂರಿನ ಸಾಲ ಕಾಣ್ತದೆ ನಿನ್ ಕಣ್ಣಿಗೆ, ದಿಲ್ಲಿಯೋರು ಮಾಡಿರೋದು ಕಾಣಾಕಿಲ್ವಾ?"

ಮಾತು ನ್ಯಾಯವಾಗಿತ್ತು. ಮುನಿಕೃಷ್ಣ ಮರುದಿನ ಬೆಳಿಗ್ಗೆ ದೇಶದ ಸಾಲವನ್ನೂ ಭಾಗಿಸಿ ಬರೆದ. ಅದೂ ತಲೆಗೆ ಒಂದು ಲಕ್ಷ ದಾಟಿತ್ತು. ಆಗ ಇನ್ನೊಂದು ಕಡೆಯವರು ಬಂದು ಕೂಗಾಡಿದರು. ಇಬ್ಬರಿಗೂ ಬೇಡವಾದೆ, ಹಾಗಾದರೆ ಸರಿಯಾಗೇ ಬರೆದಿದ್ದೇನೆ ಎಂದುಕೊಂಡು ಅವನು ಸಮಾಧಾನ ಪಟ್ಟ. ಮೂರನೆಯ ದಿನ ಹಲಗೆಯ ಮೇಲೆ ರೇಷ್ಮೆಗೂಡಿನ ರೇಟು ಬಂತು, ಊರು ಆ ಮಾತು ಮರೆಯಿತು.

ಮರೆಯದೆ ಉಳಿದವಳು ಮುನಿರತ್ನಮ್ಮ ಒಬ್ಬಳೇ.

ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘ ಶುರುವಾದಾಗಿನಿಂದ ಅದನ್ನು ನಡೆಸಿಕೊಂಡು ಬಂದವಳು ಅವಳು. ಅರವತ್ತೆರಡು ವರ್ಷ, ಗಂಡ ಇಲ್ಲ. ಮಗಳು ಬಿಡದಿ ಕಡೆಯ ಕಾರ್ಖಾನೆಗೆ ಹೋಗುತ್ತಾಳೆ, ಮೊಮ್ಮಗಳು ನಯನಾ ಊರಿನ ಶಾಲೆಯಲ್ಲಿ ಏಳನೇ ಕ್ಲಾಸು. ಮುನಿರತ್ನಮ್ಮನಿಗೆ ಓದು ಬರದು. ಆದರೆ ಸಾಲವೆಂದರೆ ಏನು ಎಂಬುದು ಓದಿದವರಿಗಿಂತ ಚೆನ್ನಾಗಿ ಗೊತ್ತು. ಸಂಘದಲ್ಲಿ ಬ್ಯಾಂಕಿನ ಸಾಲ ಬಂದರೆ ಅದನ್ನು ತಲೆಗೆ ಇಷ್ಟೆಂದು ಹಂಚುತ್ತಾರೆ. ಗುರುವಾರ ಗುರುವಾರ ದುಂಡಗೆ ಕೂತು ಕಂತು ಕಟ್ಟುತ್ತಾರೆ. ಒಬ್ಬಳು ಕಟ್ಟದಿದ್ದರೆ ಅವಳ ಪಾಲು ಉಳಿದವರ ತಲೆಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬಾಕೆ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟಾಗ ಉಳಿದ ಹತ್ತೊಂಬತ್ತು ಮಂದಿ ಅವಳ ಪಾಲು ಹೊತ್ತು ತೀರಿಸಿದ್ದರು. ಆ ಹತ್ತೊಂಬತ್ತರಲ್ಲಿ ಕಟ್ಟಲಾಗದ ಒಬ್ಬಳದನ್ನೂ ಸೇರಿಸಿ ಮುನಿರತ್ನಮ್ಮ ಎರಡು ಪಾಲು ಕಟ್ಟಿದ್ದಳು. ತಲೆಗೆ ಇಷ್ಟು ಎಂದ ಮೇಲೆ ಅದು ಕಟ್ಟಲೇಬೇಕಾದದ್ದು. ಹಲಗೆ ಮೇಲೆ ಬೇರೆ ಬಂದಿದೆ.

ಅವಳು ಯಾರಿಗೂ ಹೇಳಲಿಲ್ಲ. ಸುಮ್ಮನೆ ಕಟ್ಟಲು ಅಣಿಯಾದಳು.

ಇದು ಮುನಿಕೃಷ್ಣನಿಗೆ ತಿಳಿದದ್ದು ಜೂನ್ ತಿಂಗಳಲ್ಲಿ, ನಾಹಿದಾ ಹೇಳಿದ ಮೇಲೆ. ನಾಹಿದಾ ಚನ್ನಪಟ್ಟಣದಿಂದ ದಿನವೂ ಬಸ್ಸಿನಲ್ಲಿ ಬಂದು ಊರಿನ ಆರೋಗ್ಯ ಉಪಕೇಂದ್ರ ನೋಡಿಕೊಳ್ಳುವ ನರ್ಸು. ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಮುಗಿದು ಬಹಳ ದಿನವಾಗಿತ್ತು. ಮೇಲಿನಿಂದ ಹೊಸದಾಗಿ ಬಂದಿರಲಿಲ್ಲ. ಹೊರಗೆ ಕೊಂಡುಕೊಳ್ಳಿ ಎಂದು ಚೀಟಿ ಬರೆದುಕೊಟ್ಟಿದ್ದಳು. ಎಲ್ಲರೂ ಕೊಂಡರು, ಮುನಿರತ್ನಮ್ಮ ಕೊಳ್ಳಲಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದಲ್ಲ, ಅದರಲ್ಲಿ ತರಬಾರದಾ ಎಂದು ನಾಹಿದಾ ಕೇಳಿದ್ದಕ್ಕೆ, ಅದು ಕಂತಿನ ದುಡ್ಡು ಎಂದಳಂತೆ.

"ಅಣ್ಣಾ, ಯಾವ ಕಂತು ಅಂದ್ರೆ ನಿಮ್ಮ ಹಲಗೆ ತೋರಿಸ್ತಾರೆ," ಎಂದಳು ನಾಹಿದಾ. "ಬಿಪಿ ನೂರಾ ತೊಂಬತ್ತಾಗಿದೆ. ನನ್ನ ಮಾತು ಕೇಳಲ್ಲ. ನೀವೇ ಬರೆದದ್ದು, ನೀವೇ ಬಿಡಿಸಿ."

ಮುನಿಕೃಷ್ಣ ಆ ಸಂಜೆಯೇ ಹೋದ. ಮುನಿರತ್ನಮ್ಮ ಜಗಲಿಯ ಮೇಲೆ ಬಿತ್ತನೆಯ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಮಾತಿಗೆ ಮೊದಲೇ ಒಳಗೆ ಹೋಗಿ, ದೇವರ ಪಟದ ಹಿಂದಿನಿಂದ ಒಂದು ಗಂಟು ತಂದು ಅವನ ಮುಂದಿಟ್ಟಳು. ಆರು ಸಾವಿರ. ಇದನ್ನು ಎಲ್ಲಿ ಕಟ್ಟಬೇಕೋ ಗೊತ್ತಾಗಲಿಲ್ಲ, ಬ್ಯಾಂಕಿನಲ್ಲಿ ಕೇಳಿದರೆ ನಕ್ಕರು, ನೀನು ಬರೆದವನು ನಿನಗೆ ಗೊತ್ತಿರುತ್ತದೆ ಎಂದಳು. ಎರಡು ಸಲ ಬರೆದದ್ದರಿಂದ ಎರಡು ಸಾಲ ಎಂದು ಅವಳು ತಿಳಿದಿದ್ದಳು. ತನ್ನದು ಸಾಯುವುದರೊಳಗೆ ತೀರುವುದಿಲ್ಲವೆಂಬುದೂ ಗೊತ್ತಿತ್ತು. ಅದಕ್ಕೇ ಮೊದಲು ನಯನಾಳ ಪಾಲು ಇಳಿಸಬೇಕೆಂದು ಹೊರಟಿದ್ದಳು.

ಅದು ಕಟ್ಟುವ ಸಾಲವಲ್ಲ, ಯಾರೂ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ ಎಂದು ಅವನು ಬಿಡಿಸಿ ಹೇಳಿದ. ಸರ್ಕಾರ ಮನುಷ್ಯರ ಹಾಗಲ್ಲ, ಅದಕ್ಕೆ ಸಾವಿಲ್ಲ, ಹಳೆಯದನ್ನು ತೀರಿಸಲು ಹೊಸದು ತರುತ್ತದೆ, ಬಡ್ಡಿ ಕಟ್ಟಿಕೊಂಡು ಹೋಗುತ್ತದೆ ಎಂದ. ಹೇಳುತ್ತ ಹೇಳುತ್ತ, ಹೊಸದು ತಂದು ಹಳೆಯದು ತೀರಿಸುವ ಈ ಮಾತನ್ನು ಸಂಘದಿಂದ ಓಡಿಹೋದವಳೂ ಹೇಳಿದ್ದಳಲ್ಲ ಎಂದು ಅವನಿಗೇ ಅನ್ನಿಸಿತು.

ಮುನಿರತ್ನಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅಂಗಾದ್ರೆ ಕಟ್ಟೋರು ಯಾರು, ಮಗಾ?"

"ನೀನು ಆಗ್ಲೇ ಕಟ್ತಾ ಇದ್ದೀಯ ರತ್ನಕ್ಕ. ಸೋಪು ತಂದ್ರೆ, ಬೆಂಕಿಪೊಟ್ಟಣ ತಂದ್ರೆ, ಅದ್ರಾಗೆ ತೆರಿಗೆ ಸೇರ್ಕಂಡಿರ್ತದೆ."

"ಯಾವ ಪುಸ್ತಕದಾಗೆ ಬರ್ಕಂಡವ್ರೆ?"

ಅವನು ಮೊರದಿಂದ ಒಂದು ಕಾಯಿ ಎತ್ತಿಕೊಂಡು ತಾನೂ ಸುಲಿಯತೊಡಗಿದ.

"ಬರ್ಕಳ್ದೆ ಇಸ್ಕಂಡಿದ್ದು ಕಟ್ಟಿದಂಗಲ್ಲ ಕಣಪ್ಪ. ಇಪ್ಪತ್ತು ವರ್ಸ ಸಂಘ ನಡೆಸೀವ್ನಿ." ಆಮೇಲೆ ದನಿ ತಗ್ಗಿಸಿ ಕೇಳಿದಳು. "ಆ ಹಲಗೆ ಮ್ಯಾಲೆ ನೀನು ಬರೆದಿದ್ದು ಸುಳ್ಳಾ?"

ಸುಳ್ಳು ಎಂದುಬಿಟ್ಟಿದ್ದರೆ ಅವಳು ನಂಬುತ್ತಿದ್ದಳು. ನಾಳೆಯಿಂದ ಮಾತ್ರೆ ನುಂಗುತ್ತಿದ್ದಳು. ಆ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಹಾಗೆಂದರೆ, ಹತ್ತೊಂಬತ್ತು ವರ್ಷ ಒಂದೊಂದೇ ದಿನ ಆ ಹಲಗೆಯ ಮೇಲೆ ಕಟ್ಟಿದ ನಂಬಿಕೆ ಉಳಿಯುತ್ತದೆಯೆ? ಎಂಟಾಣೆಯಷ್ಟು ಅಹಂಕಾರವೂ ಅದರಲ್ಲಿ ಸೇರಿತ್ತೆಂದು ಆಮೇಲೆ ಅವನೇ ಒಪ್ಪಿಕೊಂಡ.

"ಸುಳ್ಳಲ್ಲ, ಅಕ್ಕ," ಎಂದ.

"ಮತ್ತಿನ್ನೇನು," ಎಂದು ಅವಳು ಗಂಟನ್ನು ಮತ್ತೆ ಪಟದ ಹಿಂದಿಟ್ಟಳು. ಮಾತ್ರೆ ತಾನೇ ತಂದುಕೊಡುತ್ತೇನೆ ಎಂದದ್ದಕ್ಕೆ, ಐದು ತಿಂಗಳಿಂದ ನಿನಗೇ ಸಂಬಳವಿಲ್ಲ, ಸಾಲಗಾರನಿಗೆ ಸಾಲಗಾರ ಏನು ಕೊಟ್ಟಾನು ಎಂದು ನಕ್ಕಳು. ಆದರೂ ಮರುದಿನ ಅವನು ಹೆಂಡತಿಯ ಹತ್ತಿರ ಇನ್ನೂರು ರೂಪಾಯಿ ಇಸಿದುಕೊಂಡು ಮಾತ್ರೆ ತಂದು ನಯನಾಳ ಕೈಯಲ್ಲಿ ಕಳಿಸಿದ. ಅವು ಹಾಗೆಯೇ ಇದ್ದವೆಂದು ಗೊತ್ತಾದದ್ದು ಒಂಬತ್ತನೆಯ ದಿನ. ಅವತ್ತು ಬೆಳಿಗ್ಗೆ ಅವನು ಹಲಗೆ ಒರೆಸುತ್ತಿರುವಾಗಲೇ, ಮುನಿರತ್ನಮ್ಮ ನಲ್ಲಿಯ ಹತ್ತಿರ ಬಿದ್ದಳೆಂದು ಹುಡುಗಿ ಓಡಿಬಂದಳು. ಬಲಗೈ ಏಳುತ್ತಿರಲಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಆಂಬುಲೆನ್ಸಿಗೆ ಫೋನು ಮಾಡಿ ಕಾಯುವಷ್ಟು ಹೊತ್ತಿರಲಿಲ್ಲ. ನಟರಾಜು ಬನಿಯನ್ನಿನಲ್ಲೇ ಬಂದು, ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ, ಮೈಸೂರು ರಸ್ತೆ ಹಿಡಿದು ರಾಮನಗರದ ಆಸ್ಪತ್ರೆಗೆ ಮುಟ್ಟಿಸಿದ. ದಾರಿಯುದ್ದಕ್ಕೂ ಮುನಿಕೃಷ್ಣ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅಂದು ಊರಿನ ಹಲಗೆ ಒರೆಸಿದ್ದು ಒರೆಸಿದ ಹಾಗೆಯೇ, ಖಾಲಿ ಉಳಿಯಿತು.

ಜೀವಕ್ಕೆ ಭಯವಿಲ್ಲ, ಕೈ ಬರುವುದು ನಿಧಾನ ಎಂದರು ಡಾಕ್ಟರು. ನಾಲ್ಕನೆಯ ದಿನ ಮಾತು ತೊದಲುತ್ತ ಬಂತು. ಮುನಿಕೃಷ್ಣ ಮಂಚದ ಪಕ್ಕ ಕೂತು, ತಾನು ಮಾಡಿದ ತಪ್ಪನ್ನು ಹೇಳಿಕೊಂಡ. ಪತ್ರಿಕೆಯಲ್ಲಿ ತಲೆಗೆ ಇಷ್ಟು ಎಂದಿರಲಿಲ್ಲ, ಭಾಗಿಸಿದವನು ನಾನು, ದೊಡ್ಡವರು ತಂದ ಸಾಲವನ್ನು ತಂದು ನಿನ್ನ ತಲೆಗೆ ಕಟ್ಟಿದವನು ನಾನು ಎಂದ. ಅವಳು ಎಡಗೈ ಎತ್ತಿ ಅವನ ತಲೆಯ ಮೇಲಿಟ್ಟಳು. ಮಾತ್ರೆ ನುಂಗುತ್ತೇನೆ ಎಂದಳು. ಆದರೆ ಪಟದ ಹಿಂದಿನ ಗಂಟು ಅಲ್ಲೇ ಇರಲಿ, ಯಾರೂ ಮುಟ್ಟಬೇಡಿ ಎಂದೂ ಹೇಳಿದಳು.

ಹೊರಗೆ ಬಂದರೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಟರಾಜು ಕಾಯುತ್ತಿದ್ದ. ಇಬ್ಬರಿಗೂ ಟೀ ಹೇಳಿದ. ಸ್ವಲ್ಪ ಹೊತ್ತು ಊರಿನ ಮಾತಾಡಿ, ಆಮೇಲೆ ವಿಷಯಕ್ಕೆ ಬಂದ. ಮುನಿಕೃಷ್ಣನ ಐದು ತಿಂಗಳ ಗೌರವಧನ ಮೇಲಿನಿಂದ ಬರುವುದು ಇನ್ನೂ ತಡವಂತೆ. ಪಂಚಾಯ್ತಿಯಲ್ಲಿ ಕಂದಾಯದ ದುಡ್ಡು ಒಂದಿಷ್ಟು ಕೂತಿದೆ. ಮಾದಪ್ಪನ ಬೀದಿಯ ಚರಂಡಿಗೆಂದು ಇಟ್ಟದ್ದು. ಅದರಲ್ಲಿ ಇವನೊಬ್ಬನದನ್ನು ಈ ವಾರವೇ ಕೊಡಿಸಿ, ಗ್ರ್ಯಾಂಟು ಬಂದಾಗ ಸರಿಮಾಡಿಕೊಂಡರಾಯಿತು. ಮುನಿಕೃಷ್ಣನ ಮಗಳು ರಮ್ಯಾಳ ನರ್ಸಿಂಗ್ ಪರೀಕ್ಷೆ ಫೀಸು ಕಟ್ಟಲು ಸೋಮವಾರ ಕೊನೆ ಎಂಬುದೂ ನಟರಾಜುವಿಗೆ ಗೊತ್ತಿತ್ತು.

"ಹಲಗೆ ಮಾತು ನಾನ್ ಎತ್ತಾಕಿಲ್ಲ ಕಣ್ಲಾ," ಎಂದ ನಟರಾಜು. "ನಿಂಗೆ ತೋಚಿದ್ದು ಬರಿ. ಇದು ಅದಕ್ಕಲ್ಲ. ಒಟ್ಗೆ ಓದಿದೋರು ನಾವು."

ಅವನು ಹೇಳಿದ್ದು ಮನಸ್ಸಿನಿಂದಲೇ ಎಂದು ಮುನಿಕೃಷ್ಣನಿಗೆ ಗೊತ್ತಾಯಿತು. ನಾಲ್ಕು ದಿನದ ಹಿಂದೆ ಬನಿಯನ್ನಿನಲ್ಲಿ ಓಡಿಬಂದವನು ಅವನೇ. ಫೀಸಿನ ನೆನಪಾಯಿತು. ಪಂಚಾಯ್ತಿಯ ನಲ್ಲಿ ನೀರು ಬಿಡುವ ಮುನಿಶಾಮಯ್ಯನ ನೆನಪೂ ಬಂತು. ಅವನದೂ ಐದು ತಿಂಗಳ ಸಂಬಳ ಬಾಕಿ. ಮಾದಪ್ಪನ ಬೀದಿಯಲ್ಲಿ ಹೋದ ಮಳೆಗಾಲ ಚರಂಡಿ ನೀರು ನುಗ್ಗಿದ್ದ ಮನೆಗಳೂ ಕಣ್ಣಮುಂದೆ ಬಂದವು. ಅವನು ಟೀ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟ.

"ಒಳಗೆ ಮಲಗವ್ಳಲ್ಲ, ಅವಳು ಕೇಳ್ತಾಳೆ ಕಣ್ಲಾ, ಇದು ಯಾರ ತಲೆ ಮ್ಯಾಲೆ ಬಿತ್ತು ಅಂತ. ಏನ್ ಹೇಳ್ಲಿ? ಮುನಿಶಾಮಯ್ಯಂಗೆ ಬಂದ ದಿನ ನಂಗೂ ಬರ್ಲಿ. ಈಗ ಬ್ಯಾಡ, ನಟ."