ಮುಕ್ಕಾಲು ಗಂಟೆಯ ಬೆಳ್ಳಿ

ಆ ಮಂಗಳವಾರ ಬೆಳಿಗ್ಗೆ ನಮ್ಮ ಮನೆಯವರು ಉಪ್ಪಿಟ್ಟು ತಿಂದು, ನನ್ನ ಹಿತ್ತಾಳೆಯ ಆರತಿ ತಟ್ಟೆಯನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ಅವರಿಗೆ ಪ್ಲೇಟಿಂಗ್ ಕೆಲಸ. ತೊಟ್ಟಿಯಲ್ಲಿ ಕರೆಂಟು ಹರಿಸಿ ಹಿತ್ತಾಳೆ, ತಾಮ್ರದ ಮೇಲೆ ಬೆಳ್ಳಿ ಕೂರಿಸುತ್ತಿದ್ದರು.

"ನಾಲ್ಕು ಗ್ರಾಂ ಬೆಳ್ಳಿ ಹಾಕ್ಕೊಂಡು ಬರ್ತೀನಿ ಕಣೇ. ಒಂದು ಆಂಪಿಯರ್ ಕರೆಂಟು, ಒಂದು ಗಂಟೆ. ಅಷ್ಟೇ ಲೆಕ್ಕ."

"ಒಂದು ಗಂಟೆ ಕೆಲಸಕ್ಕೆ ಇಪ್ಪತ್ತೆಂಟು ವರ್ಷ ಕಾಯಿಸಿದ್ರಾ ರೀ?" ಅಂದೆ. ನಗುತ್ತಲೇ ಚಪ್ಪಲಿ ಮೆಟ್ಟಿಕೊಂಡರು.

ಮಧ್ಯಾಹ್ನ ಮೂರೂವರೆಗೆ, ಬರುವಾಗ ಕರಿಬೇವು ತನ್ನಿ ಎನ್ನಲು ಫೋನ್ ಮಾಡಿದೆ. ಎತ್ತಲಿಲ್ಲ. ಬೆಳ್ಳಿ ತೊಟ್ಟಿಯ ನೀರು ವಿಷ. ಅದರ ಹತ್ತಿರ ಇರುವಷ್ಟು ಹೊತ್ತು ಅವರು ಫೋನನ್ನು ಬೀರುವಿನಲ್ಲಿಡುತ್ತಿದ್ದರು. ಗೊತ್ತಿದ್ದೂ ಸಿಟ್ಟು ಬಂತು, ಮತ್ತೆ ಮಾಡಲಿಲ್ಲ. ನಾಲ್ಕೂವರೆಗೆ ಜೊತೆ ಕೆಲಸಗಾರ ಮಲ್ಲಪ್ಪ ಹೊರಗಿನಿಂದ ಬಂದಾಗ ಅವರು ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದರಂತೆ. ಜೀವ ಇರಲಿಲ್ಲ. ಹೃದಯಾಘಾತ ಅಂದರು ಡಾಕ್ಟರು.

ನಾನು ಫೋನ್ ಮಾಡಿದ ಹೊತ್ತಿಗೆ ಅವರು ಕುಸಿದು ಕೂತಾಗಿತ್ತೇ? ಇನ್ನೊಮ್ಮೆ ಮಾಡಿದ್ದರೆ, ಪಕ್ಕದ ಶೆಡ್ಡಿನವರಿಗಾದರೂ ತಿಳಿಸಿದ್ದರೆ? ನಾಲ್ಕು ತಿಂಗಳು ಇದೇ ಯೋಚನೆ. ಕರೆಂಟನ್ನು ತಾನು ಆರಿಸಿದನೋ, ಮೊದಲೇ ಆರಿತ್ತೋ, ಗಾಬರಿಯಲ್ಲಿ ಮಲ್ಲಪ್ಪನಿಗೆ ಅದೂ ನೆನಪಿರಲಿಲ್ಲ. ತಟ್ಟೆಯನ್ನು ಆಮೇಲೆ ಮನೆಗೆ ತಂದುಕೊಟ್ಟಿದ್ದ. ಹೋದ ವಾರ ಅವನೇ ಫೋನ್ ಮಾಡಿದ.

"ಅಕ್ಕಾರ, ಅಣ್ಣಾರ ಲೆಕ್ಕದ ಬುಕ್ಕ ಸಿಕ್ಕೈತ್ರಿ. ಆ ತಾಟ ತಗೊಂಡ ಬರ್ರಿ. ತೂಕ ಮಾಡಿದ್ರ ಕರೆಂಟ ಎಷ್ಟೊತ್ತು ಹರದೈತಿ ಅಂತ ಗೊತ್ತಾಗ್ತೈತಿ."

ಗುರುವಾರ ಹತ್ತು ಗಂಟೆಗೆ ಕೆಂಗೇರಿಯಲ್ಲಿ ಮೆಟ್ರೋ ಹತ್ತಲು ಹೋದೆ. ಮೋಡ ಕವಿದಿತ್ತು. ಚೀಲ ತಪಾಸಣೆಯ ಹುಡುಗಿ ಪರದೆ ನೋಡಿ, "ಆಂಟಿ, ರೌಂಡಾಗಿ ಏನದು?" ಅಂದಳು.

"ಆರತಿ ತಟ್ಟೆಯಮ್ಮ."

"ಹಂಗಾದ್ರೆ ಈ ಮೆಷಿನ್ನಿಗೂ ಒಂದು ಆರತಿ ಎತ್ತಿ ಹೋಗಿ. ಬೆಳಿಗ್ಗೆಯಿಂದ ಎರಡು ಸಲ ಕೈ ಕೊಟ್ಟಿದೆ."

ನಗು ಬಂತು. ಅವರಿದ್ದಿದ್ದರೆ ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳುತ್ತಿದ್ದೆ.

ಮೆಜೆಸ್ಟಿಕ್ಕಿನ ನೂಕುನುಗ್ಗಲು ಬೇಡವೆಂದು ಅವರು ದಿನಾ ವಿಜಯನಗರದಲ್ಲಿಳಿದು ಬಸ್ಸು ಹಿಡಿಯುತ್ತಿದ್ದರು. ನಾನೂ ಹಾಗೇ ಮಾಡಿದೆ. ನಾಯಂಡಹಳ್ಳಿ ದಾಟುವಾಗ ಕೆಳಗೆ ಗೋಡೌನುಗಳ ತಗಡಿನ ಸೂರು ಕಂಡವು. ಅವರು ಪ್ರತಿದಿನ ನೋಡುತ್ತಿದ್ದುದನ್ನು ನಾನು ಮೊದಲ ಸಲ ನೋಡುತ್ತಿದ್ದೆ. ವಿಜಯನಗರದಲ್ಲಿ ಎರಡು ಇಡ್ಲಿ ತಿಂದೆ. ಬಸ್ಸಿನಲ್ಲಿ ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಇಳಿದ ಮೇಲೆ ಹತ್ತು ನಿಮಿಷದ ನಡಿಗೆ.

ಮಲ್ಲಪ್ಪ ಬಾಗಿಲಲ್ಲೇ ನಿಂತಿದ್ದ. ಒಳಗೆ ಕರೆದು ಪುಸ್ತಕ ತೆರೆದಿಟ್ಟ. ಅವರ ದುಂಡಗಿನ ಅಕ್ಷರ: "ಆರತಿ ತಟ್ಟೆ, ಮನೆಯದು. 212 ಗ್ರಾಂ. 1 ಆಂಪಿಯರ್. ಶುರು 3-00."

"ತಾಸಿಗೆ ನಾಕ ಗ್ರಾಂ ಕೂಡ್ತೈತ್ರಿ. ನಾಕೂವರಿಗೆ ನಾ ಆರಿಸಿದ್ರ ಆರ ಗ್ರಾಂ ಇರಬೇಕು. ಅಣ್ಣಾರ ಆರಿಸಿದ್ರ ಕಡಿಮಿ."

"ಮೂರೂವರೆಗೆ ಎಷ್ಟಪ್ಪ?"

"ಎರಡ ಗ್ರಾಂ."

ಎರಡಕ್ಕಿಂತ ಹೆಚ್ಚು ಬರಲಿ, ಏನೂ ತಿಳಿಯದ ಹಾಗೆ ಆರಕ್ಕೆ ಹೋಗದಿರಲಿ ಎಂದುಕೊಂಡು ತಟ್ಟೆಯನ್ನು ತಕ್ಕಡಿಯ ಮೇಲಿಟ್ಟೆ. 213. ಒಂದೇ ಗ್ರಾಂ. ಕಾಲು ಗಂಟೆ. ಹಾಗಾದರೆ ಮೂರೂಕಾಲಿಗೇ ನಿಲ್ಲಿಸಿದ್ದಾರೆ. ನಾನು ಫೋನ್ ಮಾಡಿ ಸಿಟ್ಟು ಮಾಡಿಕೊಂಡಾಗ ಅವರು ಆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಕೂರೋಣವೆಂದರೆ ಅಲ್ಲಿದ್ದದ್ದು ಅದೇ ಬೆಂಚು.

ಮಲ್ಲಪ್ಪ ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದು, "ತಡೀರಿ ಅಕ್ಕಾರ," ಅಂದ. "212ರ ಮ್ಯಾಲೆ ಸಣ್ಣದಾಗಿ ಬರದಾರ. 'ತಂತಿ ಸೇರಿ.' ತಂತಿ ಎಲ್ಲೈತ್ರಿ?"

ತಟ್ಟೆಯನ್ನು ತೊಟ್ಟಿಗೆ ಇಳಿಬಿಡುವ ತಾಮ್ರದ ತಂತಿಯ ಮೇಲೂ ಬೆಳ್ಳಿ ಕೂರುತ್ತದಂತೆ. ಅದಕ್ಕೇ ಅವರು ಮೊದಲೂ ಆಮೇಲೂ ತಂತಿ ಸಮೇತವೇ ತೂಗುತ್ತಿದ್ದರಂತೆ. ತಟ್ಟೆ ಮನೆಗೆ ಬಂದ ದಿನವೇ ನಾನು ತಂತಿ ಬಿಚ್ಚಿದ್ದೆ. ಎಸೆದಿರಲಿಲ್ಲ. ಅವರ ಬೆರಳು ತಿರುವಿದ ಸುತ್ತು ಅದರಲ್ಲಿ ಹಾಗೇ ಇತ್ತು. ಪರ್ಸಿನ ಒಳಜೇಬಿನಿಂದ ತೆಗೆದು ತಟ್ಟೆಯ ಮೇಲಿಟ್ಟೆ.

215.

"ಮೂರ ಗ್ರಾಂ," ಅಂದ ಮಲ್ಲಪ್ಪ. "ಮುಕ್ಕಾಲ ತಾಸು. ಮೂರು ನಲವತ್ತೈದಕ್ಕ ಅಣ್ಣಾರೇ ಎದ್ದು ನಿಂತು ಆರಿಸ್ಯಾರ. ನೀವು ಫೋನ್ ಮಾಡಿದಾಗ ಕೆಲಸದಾಗ ಇದ್ರು, ಅಕ್ಕಾರ."

ಎಂದಿನಂತೆ ಫೋನ್ ಎತ್ತಿರಲಿಲ್ಲ, ಅಷ್ಟೇ. ಅಲ್ಲೇ, ಆ ಬೆಂಚಿನ ಮೇಲೆಯೇ ಕೂತು ಅತ್ತೆ. ಮಲ್ಲಪ್ಪ ಚಹಾ ತಂದ. ನಾನು ಕುಡಿದು ಮುಗಿಸುವ ತನಕ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ. ಹೊರಡುವಾಗ ಕೇಳಿದ:

"ಇನ್ನ ಕಾಲ ತಾಸಿಂದು ಉಳದೈತಿ. ನಾ ಹಾಕಿ ಕೊಡ್ಲೇನ್ರಿ?"

"ಬೇಡಪ್ಪ. ಹೀಗೇ ಇರಲಿ."

ವಿಜಯನಗರಕ್ಕೆ ಬರುವ ಹೊತ್ತಿಗೆ ಮಳೆ ಹನಿಯತೊಡಗಿತ್ತು. ನಿಲ್ದಾಣದ ಕೆಳಗೆ ಒಂದು ಕಟ್ಟು ಕರಿಬೇವು ಕೊಂಡು, ತಟ್ಟೆಯ ಜೊತೆಗೇ ಚೀಲದಲ್ಲಿಟ್ಟುಕೊಂಡು ಮೆಟ್ರೋ ಹತ್ತಿದೆ. ಮನೆಗೆ ಬಂದು ತಟ್ಟೆಗೆ ತಂತಿಯನ್ನು ಮತ್ತೆ ಸಿಕ್ಕಿಸಿ ದೇವರ ಮುಂದಿಟ್ಟೆ. ಎರಡೂ ಸೇರಿ ಮೂರು ಗ್ರಾಂ ಬೆಳ್ಳಿ ಇದೆ. ಒಂದು ಗ್ರಾಂ ಇಲ್ಲ.