ಬೆಲ್ಲದ ಕಟ್ಟು

ಸೇರಕ್ಕಿ ಒದ್ದು ಗುಂಡಮ್ಮ ಔರಾದಿನ ಗಂಡನ ಮನೆಯೊಳಗೆ ಕಾಲಿಟ್ಟಳು. ಪಡಸಾಲೆಯ ಹೊರಸಿನ ಮೇಲೆ ಮಾವ ಮಡೆಪ್ಪ ಎಡಗಾಲು ಚಾಚಿಕೊಂಡು ಕೂತಿದ್ದ. ಪಾದ ಮುಟ್ಟಲು ಬಗ್ಗಿದಳು. ಮೊಣಕಾಲಿಗೆ ಸುತ್ತಿದ ಅರಿವೆಯಿಂದ ಕಂದು ಪಾಕ ಹಿಮ್ಮಡದವರೆಗೆ ಇಳಿದಿತ್ತು. ಅದರಲ್ಲಿ ಕೆಲವು ನೊಣ ಸತ್ತಿದ್ದವು, ಕೆಲವು ಸಾಯದೆ ಕಾಲು ಬಡಿಯುತ್ತಿದ್ದವು. ಬೆರಳಿಗೆ ಅಂಟಿತು. ಹೊಸ ಸೀರೆಗೆ ಒರೆಸಿಕೊಳ್ಳುವ ಹಾಗಿರಲಿಲ್ಲ. ಕೈ ದೂರ ಹಿಡಿದೇ ದೇವರ ಕೋಣೆಗೆ ಹೋದಳು.

ಮಡೆಪ್ಪ ಬೀದರ, ಭಾಲ್ಕಿ, ಔರಾದ ನಡುವೆ ತೊಗರಿ ಸಾಗಿಸುವ ಬಂಡಿಯವನು. ಮಗನ ಲಗ್ನಕ್ಕೆ ತುಸು ಮುಂಚೆ ಭಾಲ್ಕಿ ಪೇಟೆಯಲ್ಲಿ ನೊಗ ಬಿಚ್ಚುವಾಗ ಎತ್ತು ಹೊರಮಗ್ಗುಲಿನಿಂದ ಮೊಣಕಾಲಿನ ಮೇಲೆ ಬಿದ್ದು, ಒಳಮಗ್ಗುಲಿನ ನರ ಹರಿದಿತ್ತು. ಎಲುಬು ಕೂಡಿಸುವ ವಜೀರಬೀ ಬೀದರಿನಿಂದ ಬಂದು ಬಿದಿರಿನ ದಬ್ಬೆ ಇಟ್ಟು, ಉದ್ದಿನ ಹಿಟ್ಟಿಗೆ ಕೋಳಿತತ್ತಿ ಕಲಸಿ ಕಟ್ಟಿದ್ದಳು. ಆಕೆ ಹೊಸ್ತಿಲು ದಾಟಿದ್ದೇ ತಡ, ಮಡೆಪ್ಪ ಅದನ್ನು ಕಿತ್ತುಹಾಕಿಸಿ, ತತ್ತಿಯ ಬದಲು ಬೆಲ್ಲ ಕಲಸಿ ಕಟ್ಟಿಸಿಕೊಂಡಿದ್ದ.

ಮತ್ತೆ ನೋಡಲು ಬಂದ ವಜೀರಬೀ ಅರಿವೆ ಬಿಚ್ಚಿದಳು. ಗುಂಡಮ್ಮ ಬಿಸಿನೀರು ಹಿಡಿದು ನಿಂತಿದ್ದಳು. ಹುಳಿತ ಹಿಟ್ಟಿನಲ್ಲಿ, ಕೊಳೆತ ಚರ್ಮದಲ್ಲಿ, ಬಿಳಿ ಹುಳ ಮಿಜಿಮಿಜಿ ಅನ್ನುತ್ತಿದ್ದವು.

“ಥೂ! ಕಾಲಿಗಿ ಹೂರಣ ಕಟ್ಟೀಯೇನೋ ಮಡೆಪ್ಪಾ?”

ಆಕೆ ತೊಡೆ ಒತ್ತಿಹಿಡಿದು ಪಾದವನ್ನು ಮೆಲ್ಲಗೆ ಹೊರಕ್ಕೆ ಸರಿಸಿದಳು. ಕಾಲು ಸಡಿಲ ಕದದಂತೆ ಬದಿಗೆ ವಾಲಿತು. “ನೋಡವ್ವಾ ಸೊಸೀ, ಹೊರಗಿನ ನರ ಹುರಿಯಂಗ ಸಣ್ಣಂದು, ಅದು ಗಟ್ಟಿ ಅದ. ಒಳಗಿಂದು ಅಗಲ ಪಟ್ಟಿ, ಅದು ಹರದದ. ತತ್ತಿ ಒಣಗಿ ಕಲ್ಲಾದ್ರ ಪಟ್ಟಿ ಅಲುಗದ ಕೂಡ್ತದ. ಬೆಲ್ಲ ಬೆವರಿಗಿ ಕರಗ್ತದ. ಇನ್ನೂ ವ್ಯಾಳ್ಯಾ ಅದ, ತತ್ತಿ ತರಸ್ರಿ.”

“ಕೊರಳಾಗ ಲಿಂಗ, ಕಾಲಾಗ ತತ್ತಿ! ಆಗಂಗಿಲ್ಲ,” ಎಂದ ಮಡೆಪ್ಪ.

“ತತ್ತಿ ನಡ್ಯಂಗಿಲ್ಲ, ಹುಳ ನಡೀತಾವೇನ್ರಿ ಮಾವಾರ?” ಗುಂಡಮ್ಮನ ಬಾಯಿಂದ ಬಂದೇಬಿಟ್ಟಿತು.

ಅವನು ತತ್ತಿ ತರಿಸಲು ಬಿಡಲೇ ಇಲ್ಲ.

ಹುಣ್ಣು ಮಾಯಿತು, ಪಟ್ಟಿ ಕೂಡಲಿಲ್ಲ. ಹೆಜ್ಜೆ ಊರಿದರೆ ಮೊಣಕಾಲು ಒಳಕ್ಕೆ ಕುಸಿಯುತ್ತಿತ್ತು. ಬಂಡಿ ಮಗನ ಕೈಗೆ ಹೋಯಿತು. ಮಡೆಪ್ಪ ಹಿತ್ತಲಿಗೂ ಸೊಸೆಯ ಹೆಗಲು ಹಿಡಿದೇ ಹೋಗಬೇಕಾಯಿತು. ಹುಣ್ಣು ಮಾಯುವವರೆಗೆ ಮೂಗು ಮುಚ್ಚಿಕೊಂಡು ತೊಳೆದವಳು ಅವಳೇ. ಆ ಅಂಟು ಕೈ ಬಿಟ್ಟರೂ ಮನಸ್ಸು ಬಿಡಲಿಲ್ಲ. ಹಬ್ಬಕ್ಕೆ ಹೂರಣ ಅರೆಯುವಾಗೆಲ್ಲ ಓಕರಿಕೆ ಬರುತ್ತಿತ್ತು.

ಅವನ ಕೊನೆಯ ಬೇಸಿಗೆಯಲ್ಲಿ, ನೀರು ಕುಡಿಸಲು ಬಂದ ಸೊಸೆಯ ಕೈ ಹಿಡಿದು ಮಡೆಪ್ಪ ಕೇಳಿದ:

“ಗುಂಡವ್ವಾ, ತತ್ತಿ ನಾತಾ ಆ ಬೆಲ್ಲದಕ್ಕಿಂತಾ ಕೆಟ್ಟ ಇರ್ತಿತ್ತೇನವ್ವಾ?”